ಐದು ಬಂದರು, ಒಂದು ಚಿಲಕ

ಮಾರ್ಚ್ 3, ಭಾನುವಾರ

ಚಿಲಕ ಬಿಚ್ಚುವ ಕೆಲಸ ಮುಗಿಯಿತು. ಬಚ್ಚಲಿನದು, ಮಗಳು ಪೀಪಿಯ ಕೋಣೆಯದು, ಎರಡೂ. ಬಚ್ಚಲಿನದರಲ್ಲಿ ಬಿಚ್ಚುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಹೋದ ವಾರ ನಾನು ಬಾಗಿಲಿಗೆ ಹೆಗಲು ಕೊಟ್ಟು ನುಗ್ಗಿದಾಗಲೇ ಅದು ಅರ್ಧ ಕಿತ್ತು ಬಂದಿತ್ತು. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಮಗಳು ಒದ್ದೆ ನೆಲದ ಮೇಲೆ ಬಿದ್ದು, ಕೈಕಾಲು ಸೆಟೆದು ನಡುಗುತ್ತಿದ್ದಳು. ಅವತ್ತಿನಿಂದ ಮನೆಯಲ್ಲಿ ಯಾರು ನಲ್ಲಿ ತಿರುಗಿಸಿದರೂ ನಾನು ಕೂತಲ್ಲಿಂದ ಎದ್ದುಬಿಡುತ್ತೇನೆ.

ಫಿಟ್ಸ್ ಎಂದರು ಡಾಕ್ಟರು. ಮಾತ್ರೆ ತಪ್ಪಬಾರದು, ನಿದ್ದೆಗೆಡಬಾರದು, ಸದ್ಯಕ್ಕೆ ಶಾಲೆ, ಸೈಕಲ್ಲು, ಈಜು ಬೇಡ, ಮಿನುಗುವ ಪರದೆ ಬೇಡ, ಒಳಗಿನಿಂದ ಚಿಲಕ ಹಾಕಿಕೊಳ್ಳುವುದಂತೂ ಬೇಡವೇ ಬೇಡ. "ಮತ್ತೆ ಬರಬಹುದು, ಬರದೆಯೂ ಇರಬಹುದು" ಎಂದರು. ಲಿಫ್ಟ್ ರಿಪೇರಿಯವನಾದ ನಾನು ಗಿರಾಕಿಯ ಮುಂದೆ ಇಂಥ ಮಾತಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು. ನಮ್ಮ ಕಸುಬಿನಲ್ಲಿ ಯಾವುದನ್ನೂ ಒಂದೇ ಹಗ್ಗಕ್ಕೆ ನೇತುಹಾಕುವುದಿಲ್ಲ. ಒಂದು ಹರಿದರೆ ಇನ್ನೊಂದು ಇರುತ್ತದೆ. ಎಲ್ಲವೂ ಹರಿದರೆ ಕಂಬಿಯನ್ನು ಕಚ್ಚಿ ಹಿಡಿಯುವ ಬ್ರೇಕು ಇರುತ್ತದೆ. ಮಗಳಿಗೆ ಎಲ್ಲಿ ಬ್ರೇಕು ಕೂರಿಸಲಿ?

ಏನೇನಾಗುತ್ತದೋ ಬರೆದಿಡಿ ಎಂದೂ ಹೇಳಿದ್ದಾರೆ. ಪೀಪಿಗೆ ಆಗುವುದನ್ನು ಹೆಂಡತಿ ಬರೆಯುತ್ತಾಳೆ. ನನಗೆ ಆಗುವುದನ್ನು ನಾನು ಇಲ್ಲಿ ಬರೆಯುತ್ತೇನೆ, ಯಾರಿಗೂ ತೋರಿಸುವುದಿಲ್ಲ. ಹೆದರಿಕೆ ಆಗುತ್ತಿದೆ. ಸದ್ಯಕ್ಕೆ ಅಷ್ಟೇ.

ಮಾರ್ಚ್ 6, ಬುಧವಾರ

ಹೆಂಡತಿ ಒಂದು ದೊಡ್ಡ ಡಬ್ಬಿ ಹೊತ್ತು ತಂದಳು. ಟೀವಿ ಇಲ್ಲ, ಫೋನಿಲ್ಲ, ಹುಡುಗಿ ಸಂಜೆಯೆಲ್ಲ ಗೋಡೆ ನೋಡಿಕೊಂಡು ಕೂತಿರುವುದನ್ನು ನೋಡಲಾರೆ ಎಂದಳು. ಡಬ್ಬಿಯೊಳಗೆ ಬೋರ್ಡ್ ಆಟ. ದಾಳ ಎಸೆದು ಮನೆ ಸೇರುವಂಥದ್ದಲ್ಲ. ಊಟದ ಮೇಜಿನ ತುಂಬ ಹರಡುವ ಸಮುದ್ರದ ನಕಾಶೆ, ದ್ವೀಪಗಳು, ಉಗುರಿನಷ್ಟು ಹಡಗುಗಳು, ಗೋಪುರಗಳು, ಉಪ್ಪಿನ ಮೂಟೆಗಳು, ಜೊತೆಗೆ ನನ್ನ ಲಿಫ್ಟಿನ ಕೈಪಿಡಿಗಿಂತ ದಪ್ಪನೆಯ ನಿಯಮದ ಪುಸ್ತಕ. ಇನ್ನು ಮೇಲೆ ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಊಟ ಮಾಡಬೇಕು.

ನಿಯಮವನ್ನು ನಾನೇ ಗಟ್ಟಿಯಾಗಿ ಓದಿದೆ. ಐದು ಬಂದರು ಹಿಡಿದವರು ಗೆದ್ದಂತೆ. ಹಡಗು ಹೊರಡಬೇಕಾದರೆ ಉಪ್ಪು ತೆರಬೇಕು. ಬಂದರಿಗೆ ಗೋಪುರ ಕಟ್ಟಿದರೆ ಅದನ್ನು ಯಾರೂ ಹಿಡಿಯುವಂತಿಲ್ಲ, ಆದರೆ ಗೋಪುರ ಇರುವಷ್ಟು ದಿನ ಅಲ್ಲಿಂದ ಹಡಗೂ ಹೊರಡುವಂತಿಲ್ಲ. ಇಷ್ಟು ತಿಳಿಯುವ ಹೊತ್ತಿಗೆ ಅತ್ತೆ ಆಕಳಿಸಿ ಸೀಟಿ ಊದಿದರು. ಹೆಂಡತಿಯ ತಾಯಿ ಇವರು, ನಮ್ಮ ಜೊತೆಯಲ್ಲೇ ಇದ್ದಾರೆ. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿದಿಲ್ಲ. ಹುಟ್ಟಿದ ಮೊಮ್ಮಗಳು ಅತ್ತ ಜೋರಿಗೆ ಪೀಪಿ ಎಂದು ಹೆಸರಿಟ್ಟವರೂ ಇವರೇ.

"ಅಳಿಯಂದಿರೇ, ಓದಿದ್ದು ಸಾಕು. ಆಡ್ತಾ ಕಲಿಯೋಣ" ಎಂದರು.

ಮೊದಲ ಸರದಿ ಪೀಪಿಯದು. ಬೋರ್ಡಿನ ಮೇಲೆ ಕಣ್ಣು ನೆಟ್ಟು ಕೂತಳು. ಕೂತೇ ಇದ್ದಳು. ರೆಪ್ಪೆ ಅಲುಗಲಿಲ್ಲ. ನಾನು ಕುರ್ಚಿ ಬೀಳಿಸಿಕೊಂಡು ಎದ್ದೆ, ಹೆಂಡತಿ ದಿಂಬು ಹಿಡಿದು ಓಡಿ ಬಂದಳು, ಅತ್ತೆ ಗಡಿಯಾರದ ಕಡೆ ತಿರುಗಿದರು.

"ಯೋಚನೆ ಮಾಡ್ತಿದ್ದೀನಿ!" ಎಂದು ಪೀಪಿ ಕಿರುಚಿದಳು. "ಈ ಮನೇಲಿ ಯೋಚನೆನೂ ಮಾಡಬಾರ್ದಾ?"

ಮಾರ್ಚ್ 10, ಭಾನುವಾರ

ಮೂರು ಸಂಜೆಯೂ ಇದೇ ಗೋಳು. ಅವಳು ಯೋಚಿಸುತ್ತಾಳೆ, ನಾವು ದಿಂಬು ಹಿಡಿದು ಓಡುತ್ತೇವೆ. ಇವತ್ತು ಅವಳೇ ಒಂದು ಕರಾರು ಮಾಡಿದಳು. ಯೋಚನೆ ಮಾಡುವಾಗ ಮೇಜಿನ ಮೇಲೆ ಉಗುರಿನಿಂದ ತಟ್ಟುತ್ತಿರುತ್ತಾಳೆ. ತಟ್ಟುತ್ತಿರುವಷ್ಟು ಹೊತ್ತು ಯಾರೂ ಏಳುವಂತಿಲ್ಲ, ಅವಳ ಮುಖ ನೋಡುವಂತಿಲ್ಲ.

ಟಕ್ ಟಕ್ ಟಕ್. ಮೊದಮೊದಲು ಕಿರಿಕಿರಿಯಾಯಿತು. ಆಮೇಲೆ ಆ ಸದ್ದಿಗೆ ಕಿವಿಗೊಟ್ಟುಕೊಂಡು ಉಸಿರಾಡಬಹುದು ಎಂದು ಗೊತ್ತಾಯಿತು. ಅದು ನಿಂತರೆ ಮಾತ್ರ ನನ್ನ ಉಸಿರೂ ನಿಲ್ಲುತ್ತದೆ.

ಆಟದಲ್ಲಿ ನನ್ನ ಪ್ರತಿ ಬಂದರಿಗೂ ಗೋಪುರ ಕಟ್ಟಿದ್ದೇನೆ. "ನಿಮ್ಮ ಹಡಗುಗಳಿಗೆ ಗೆದ್ದಲು ಹಿಡಿದೀತು ಕಣ್ರೀ" ಎಂದಳು ಹೆಂಡತಿ. ಹಿಡಿಯಲಿ. ಪೀಪಿ ಗೆದ್ದಳು. ಗೆಲ್ಲಲಿ.

ಮಾರ್ಚ್ 12, ಮಂಗಳವಾರ

ಲಿಫ್ಟಿನ ಅಡಿಯ ಹಳ್ಳಕ್ಕೆ ಇಳಿದು ಕೆಲಸ. ಕೆಳಗೆ ಫೋನು ಸಿಗುವುದಿಲ್ಲ. ಮತ್ತೆ ಮತ್ತೆ ಏಣಿ ಹತ್ತಿ ಮೇಲೆ ಬಂದು ನೋಡಿದೆ. ಜೊತೆ ಕೆಲಸ ಮಾಡುವ ಗ್ರೀಸಣ್ಣ ಕೊನೆಗೆ, "ನೀನು ಮೇಲೇ ಇರು ಮಾರಾಯ, ನಾನು ಇಳೀತೀನಿ" ಎಂದ. ಏನೂ ಆಗಿರಲಿಲ್ಲ. ಏನೂ ಆಗದ ದಿನವೂ ಇಷ್ಟು ಸುಸ್ತು.

ಮಾರ್ಚ್ 17, ಭಾನುವಾರ

ಸಿಕ್ಕಿಬಿದ್ದೆ.

"ಅಪ್ಪ, ನಿನ್ನ ಹತ್ರ ಉಪ್ಪಿತ್ತು, ಹಡಗಿತ್ತು. ನನ್ನ ಬಂದರು ಖಾಲಿ ಬಿದ್ದಿತ್ತು. ಯಾಕೆ ಬರ್ಲಿಲ್ಲ?"

"ಕಾಣ್ಲಿಲ್ಲಮ್ಮ."

"ಕತ್ತಲೇಲಿ ಸಡಿಲ ಆದ ನಟ್ಟು ಕಾಣುತ್ತೆ, ಇದು ಕಾಣ್ಲಿಲ್ವಾ? ಎಲ್ಲಾ ಆಟನೂ ಬೇಕಂತಲೇ ಸೋಲ್ತಿದ್ದೀಯ." ಅವಳ ತುಟಿ ನಡುಗಿತು. ನನಗೆ ಬೇರೆಯದೇ ಭಯವಾಗಿ ಎದ್ದೆ. "ಕೂತ್ಕೋ! ಇದು ಅದಲ್ಲ, ಇದು ಸಿಟ್ಟು! ನಾನು ಸ್ನಾನಕ್ಕೆ ಹೋದ್ರೆ ಬಾಗಿಲ ಹತ್ರ ನಿಂತು ಕೆಮ್ತೀಯ. ನೀನು ಕೆಮ್ಮಿದಾಗೆಲ್ಲ ನಾನು ಹೂಂ ಅನ್ನಬೇಕು, ಸ್ಕೂಲಲ್ಲಿ ಹಾಜರಿ ಕೂಗ್ದಂಗೆ. ಅರ್ಧ ತೆರೆದ ಬಾಗಿಲಲ್ಲಿ ಬಟ್ಟೆ ಬದಲಾಯಿಸ್ಬೇಕು. ನಂಗೆ ನಾಚಿಕೆ ಆಗುತ್ತಪ್ಪ."

ಅವಳು ಮೂಗೊರೆಸಿಕೊಂಡು ಮತ್ತೆ ಹೇಳಿದಳು. "ಒಂದೇ ಒಂದು ಆಟ ಸರಿಯಾಗಿ ಆಡು. ನಾನು ಗೆದ್ರೆ ಬಚ್ಚಲಿನ ಚಿಲಕ ವಾಪಸ್ ಹಾಕಬೇಕು. ಸೋತ್ರೆ ಆ ಮಾತು ಎತ್ತಲ್ಲ."

"ಡಾಕ್ಟ್ರು ಬೇಡ ಅಂದಿದ್ದನ್ನ ಪಣಕ್ಕಿಡ್ತಾರಾ ಯಾರಾದ್ರೂ?" ಎಂದಳು ಹೆಂಡತಿ, ನನ್ನ ಕಡೆ ನೋಡಿ.

ನಾನು ಒಪ್ಪಿಕೊಂಡೆ. ಅವಳ ಮೇಲಿನ ಮಮತೆಗೆ ಒಪ್ಪಿದ್ದಲ್ಲ. ಸೋಲಿಸಿ ಆ ಮಾತನ್ನು ಒಂದೇ ಸಲಕ್ಕೆ ಮುಗಿಸಬಹುದು ಎಂದು ಒಪ್ಪಿದೆ. ಆ ಬಾಗಿಲು ಒಳಗಿನಿಂದ ಮುಚ್ಚಿಕೊಳ್ಳುವುದನ್ನು ನಾನು ಇನ್ನೊಮ್ಮೆ ತಾಳಲಾರೆ.

ಮಾರ್ಚ್ 20, ಬುಧವಾರ

ನಿಯಮದ ಪುಸ್ತಕ ಕೆಲಸಕ್ಕೆ ಒಯ್ದಿದ್ದೆ. ಮೆಷಿನ್ ರೂಮಿನಲ್ಲಿ ಬುತ್ತಿ ಬಿಚ್ಚಿಕೊಂಡು ಓದಿದೆ. ಗೋಪುರವನ್ನು ಕಟ್ಟಿದವರೇ ಕೆಡವಿ ಕಲ್ಲನ್ನು ಉಪ್ಪಿಗೆ ಬದಲಾಯಿಸಿಕೊಳ್ಳಬಹುದಂತೆ. ಇಷ್ಟು ದಿನ ಇದನ್ನು ನಾವು ಓದಿಯೇ ಇರಲಿಲ್ಲ. ಸಂಜೆ, ದಿನಕ್ಕಿಷ್ಟು ಸರದಿಯಂತೆ ಆಡುತ್ತಿರುವ ಪಣದ ಆಟದಲ್ಲಿ, ಎರಡು ಗೋಪುರ ಕೆಡವಿ, ಹಡಗು ಬಿಟ್ಟು, ಪೀಪಿಯ ದೊಡ್ಡ ಬಂದರಿನ ಬಾಯಿಗೇ ತಂದು ನಿಲ್ಲಿಸಿದೆ.

"ಅಯ್ಯೋ ಪಾಪಿ!" ಎಂದರು ಅತ್ತೆ. ಅವರೂ ಹೆಂಡತಿಯೂ ಈ ಆಟದಲ್ಲಿ ಬರೀ ನೋಡುವವರು. ಅತ್ತೆ ಮಾತ್ರ ಮೊಮ್ಮಗಳಿಗೆ ಕಣ್ಸನ್ನೆ ಮಾಡುತ್ತಲೇ ಇರುತ್ತಾರೆ.

ಪೀಪಿ ನಕ್ಕಳು. ಎಷ್ಟು ದಿನವಾಗಿತ್ತೋ.

ಮಾರ್ಚ್ 24, ಭಾನುವಾರ

ತಟ್ಟುವುದು ನಿಂತಿತು.

ನಾನು ಬೋರ್ಡು ನೋಡುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಅವಳ ಕತ್ತು ಒಂದು ಕಡೆಗೆ ತಿರುಚಿಕೊಂಡಿತ್ತು. ತೋಳು ಬಡಿದು ಹಡಗುಗಳೆಲ್ಲ ನೆಲಕ್ಕೆ ಹಾರಿದವು. ಕುರ್ಚಿಯಿಂದ ಬೀಳುವ ಮೊದಲು ಹಿಡಿದುಕೊಂಡೆ. ಹೆಂಡತಿ ಮಗ್ಗುಲಿಗೆ ಮಲಗಿಸಿದಳು, ತಲೆಯಡಿಗೆ ದಿಂಬು ಕೊಟ್ಟಳು. ಅತ್ತೆ ಗಡಿಯಾರ ನೋಡುತ್ತ, ಡ್ರಿಲ್ಲಿನಲ್ಲಿ ಹೇಳಿದ ಹಾಗೆ ಗಟ್ಟಿಯಾಗಿ ನಿಮಿಷ ಹೇಳುತ್ತಿದ್ದರು. ಅವರ ಸ್ವರ ಒಡೆಯಲಿಲ್ಲ. ನಾನು ಏನು ಮಾಡಿದೆ? ಅವಳ ಕೈ ಹತ್ತಿರ ಕೂತಿದ್ದೆ. ತಾನಾಗಿಯೇ ನಿಂತಿತು. ಡಾಕ್ಟರಿಗೆ ಫೋನು ಮಾಡಿದೆವು. ಮಲಗಲಿ, ಗುರುವಾರದ ಬದಲು ನಾಳೆಯೇ ಕರೆತನ್ನಿ ಎಂದರು.

ಇನ್ನು ಬರೆಯಲು ಕೈ ಏಳುತ್ತಿಲ್ಲ.

ಮಾರ್ಚ್ 26, ಮಂಗಳವಾರ

ಡಾಕ್ಟರು ಮಾತ್ರೆ ಹೆಚ್ಚಿಸಿದರು. ನಿನ್ನೆಯೆಲ್ಲ ಪೀಪಿ ತೂಕಡಿಸುತ್ತಿದ್ದಳು. ಇವತ್ತು ಸಂಜೆ ಎದ್ದು ಬಂದು, ಖಾಲಿ ಸಮುದ್ರದ ಮುಂದೆ ಕೂತು ಕೇಳಿದಳು. "ನನ್ನ ಸರದಿ ಅಲ್ವಾ?"

ನಾನು ಆಟ ಕೈಬಿಡೋಣ ಎನ್ನಲು ಬಾಯಿ ತೆರೆದೆ. ಹೆಂಡತಿ ಮೇಜಿನಡಿಯಲ್ಲಿ ನನ್ನ ಕಾಲು ತುಳಿದಳು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು, ಕಾಲಿನ ಕೆಲಸ ಚೆನ್ನಾಗಿ ಗೊತ್ತು.

ಗುಡಿಸಿ ಡಬ್ಬಿಗೆ ತುಂಬಿದ್ದ ಹಡಗುಗಳನ್ನು ಒಂದೊಂದಾಗಿ ತೆಗೆದು, ಇದ್ದ ಜಾಗಕ್ಕೇ ಇಟ್ಟೆ. ನನ್ನವು, ಅವಳವು, ಉಪ್ಪಿನ ಮೂಟೆ ಸಮೇತ. ನನಗೆ ಎಲ್ಲವೂ ನೆನಪಿತ್ತು. ನನ್ನ ಬಂದರಿನ ಹಿಂದೆ ಅವಳು ಗುಟ್ಟಾಗಿ ತಂದು ನಿಲ್ಲಿಸಿದ್ದ ಹಡಗನ್ನೂ ಇಟ್ಟೆ.

"ಪೀಪಿಗೆ ಇನ್ನೊಂದು ಬಂದರು ಇತ್ತು, ನಾನೇ ನೋಡಿದೀನಿ" ಎಂದರು ಅತ್ತೆ.

"ಇರ್ಲಿಲ್ಲ ಅಜ್ಜಿ. ಅಪ್ಪ ಇಟ್ಟಿದ್ದೇ ಸರಿ" ಎಂದಳು ಪೀಪಿ.

ಮಾರ್ಚ್ 31, ಭಾನುವಾರ

ಗೆದ್ದೆ. ಒಂದೇ ಒಂದು ಮೂಟೆ ಉಪ್ಪಿನಿಂದ ಗೆದ್ದೆ. ಅವಳ ಬಳಿ ಇನ್ನೊಂದು ಮೂಟೆ ಇದ್ದಿದ್ದರೆ ನಾನು ಮುಗಿದೇ ಹೋಗುತ್ತಿದ್ದೆ. ಅಂಥ ನಡೆ ಎಲ್ಲಿ ಕಲಿತಳೋ! ಮೂರು ಸರದಿಯ ಹಿಂದೆಯೇ ನನ್ನ ಉತ್ತರದ ದಾರಿ ಕಟ್ಟಿಹಾಕಿದ್ದಳು, ನನಗೆ ಕಂಡದ್ದು ಇವತ್ತು.

ಪೀಪಿ ಅಳಲಿಲ್ಲ. ಎದ್ದು ಬಂದು ಕೈ ಕುಲುಕಿದಳು, ಟವೆಲು ಎತ್ತಿಕೊಂಡು ಸ್ನಾನಕ್ಕೆ ಹೋದಳು. ಬಾಗಿಲು ಅರ್ಧ ತೆರೆದೇ ಇತ್ತು. ನಾನು ಕೆಮ್ಮಿದೆ. "ಹೂಂ" ಎಂದಳು. ಮತ್ತೆ ಕೆಮ್ಮಿದೆ. "ಹೂಂ." ಆ ಹೂಂನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಹೆಂಡತಿ ಬಟ್ಟೆ ಮಡಚುತ್ತಿದ್ದಳು. "ನನ್ನ ಕಾಲಡಿಗೂ ಒಂದು ಬ್ರೇಕಿದೆ ರೀ. ಕಲಿಯೋರ ಪಕ್ಕ ಕೂತಾಗ ದಿನಾ ಹೆದರ್ತೀನಿ. ಹಾಗಂತ ಒತ್ತಿಕೊಂಡೇ ಕೂತ್ರೆ ಗಾಡಿ ಬೀದಿ ದಾಟಲ್ಲ" ಎಂದಳು.

ಅವಳಿಗೇನು, ಹೇಳುತ್ತಾಳೆ. ಬಾಗಿಲು ಒಡೆದವನು ನಾನು.

ಏಪ್ರಿಲ್ 4, ಗುರುವಾರ

ಡಾಕ್ಟರ ಬಳಿ ಹೋಗಿದ್ದೆವು. ಹೊರಡುವಾಗ ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು. "ಹೊರಗಿನಿಂದ ತೆಗೆಯೋಕೆ ಬರೋ ಚಿಲಕ ಆದ್ರೆ?"

"ಸುಲಭವಾಗಿ ತೆಗೆಯೋ ಹಾಗಿರಬೇಕು, ಬಾಗಿಲು ಹೊರಕ್ಕೆ ತೆರೀಬೇಕು, ಮನೇಲಿ ಯಾರಾದ್ರೂ ಇರಬೇಕು. ಹಾಗಿದ್ರೆ ನನ್ನ ಅಡ್ಡಿಯಿಲ್ಲ" ಎಂದರು.

ಪೀಪಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

ಏಪ್ರಿಲ್ 7, ಭಾನುವಾರ

ಕೆಟ್ಟು ನಿಂತ ಲಿಫ್ಟಿನ ಹೊರಬಾಗಿಲು ತೆರೆಯಲು ನಮ್ಮ ಹತ್ತಿರ ಮೂರು ಮೂಲೆಯ ಒಂದು ಕೀ ಇರುತ್ತದೆ. ಒಳಗಿನವರು ಸಿಕ್ಕಿಕೊಂಡರೆ ಹೊರಗಿನಿಂದ ತಿರುವಿದರಾಯಿತು. ಅದೇ ಕೀಗೆ ಹೊಂದುವ ಹಾಗೆ ಹಳೆಯ ಲಿಫ್ಟಿನ ಬೀಗದಿಂದ ಒಂದು ಚಿಲಕ ಮಾಡಿದೆ. ಬಚ್ಚಲ ಬಾಗಿಲಿನ ಕೀಲು ಬದಲಾಯಿಸಿ ಹೊರಕ್ಕೆ ತೆರೆಯುವಂತೆ ಮಾಡಿದೆ. ಅಂಥದೇ ಇನ್ನೊಂದು ಕೀಗೆ ಕೆಂಪು ದಾರ ಕಟ್ಟಿ ಪಕ್ಕದ ಮೊಳೆಗೆ ನೇತುಹಾಕಿದೆ.

"ಗೆದ್ದೋನು ನೀನು. ಯಾಕೆ ಹಾಕ್ತಿದ್ದೀಯ?" ಎಂದಳು ಪೀಪಿ.

"ಒಂದು ಮೂಟೆ ಉಪ್ಪಿನ ಗೆಲುವು ಗೆಲುವಲ್ಲ. ಆದರೆ ಒಳಗಿದ್ದಾಗ ತಟ್ತಿರಬೇಕು."

ಒಳಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು. ಬಕೆಟ್ಟಿನ ಮೇಲೆ ಟಕ್ ಟಕ್ ಟಕ್. ನಲ್ಲಿ ಬಿಟ್ಟಳು. ಟಕ್ ಟಕ್. ಕೀಯನ್ನು ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ತಟ್ಟುವುದು ನಿಂತಿತು. ನೀರು ಸುರಿಯುತ್ತಿತ್ತು. ಕಾದೆ. ಇಲ್ಲ. ಕೀಯನ್ನು ತೂತಿಗೆ ಹಾಕಿಯೇಬಿಟ್ಟೆ.

"ಅಪ್ಪಾ! ತಲೆಗೆ ಶಾಂಪೂ ಹಾಕ್ತಿದ್ದೀನಿ! ಎರಡು ಕೈನೂ ಬೇಕು!"

ಅತ್ತೆ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಗೋಡೆಗೊರಗಿ ಅಲ್ಲೇ ನೆಲದ ಮೇಲೆ ಕೂತೆ, ಅವಳು ಹೊರಗೆ ಬರುವವರೆಗೂ.

ಏಪ್ರಿಲ್ 11, ಗುರುವಾರ

ದಿನವೂ ಕೂರುತ್ತೇನೆ. ಬಾಗಿಲ ಪಕ್ಕ ಅಲ್ಲ, ಮೇಜಿನ ಹತ್ತಿರ. ಕಿವಿ ಮಾತ್ರ ಅಲ್ಲೇ.

ಏಪ್ರಿಲ್ 18, ಗುರುವಾರ

ಅತ್ತೆ ಮತ್ತು ಪೀಪಿ ಒಂದಾಗಿ ನನ್ನ ದಕ್ಷಿಣದ ಬಂದರುಗಳನ್ನು ದೋಚುತ್ತಿದ್ದಾರೆ. ಇದು ನಿಯಮದಲ್ಲೇ ಇಲ್ಲ ಎಂದೆ. ಪುಸ್ತಕ ತೆಗೆದು ತೋರಿಸಿದರು, ಇದೆ. ಹಾಗಾದರೆ ಹೆಂಡತಿಯ ಜೊತೆ ನಾನೂ ಒಪ್ಪಂದ ಮಾಡಿಕೊಳ್ಳಬೇಕು, ಆದರೆ ಅವಳು ಅರ್ಧ ಉಪ್ಪು ಕೇಳುತ್ತಾಳೆ. ಕಟ್ಟಿಕೊಂಡ ಗಂಡನ ಹತ್ತಿರ ಅರ್ಧ! ಕಾಲು ಭಾಗಕ್ಕೆ ಒಪ್ಪಿಸಬಹುದೇ ನೋಡಬೇಕು. ಬೆಳಿಗ್ಗೆ ಹೊರಡುವಾಗಲೂ ಇದೇ ತಲೆಯಲ್ಲಿ ಕೊರೆಯುತ್ತಿತ್ತು. ಕೆಲಸದ ಕೀ ಎಲ್ಲಿಟ್ಟೆನೋ ಸಿಗಲಿಲ್ಲ, ಮೊಳೆಗೆ ತೂಗುತ್ತಿದ್ದದ್ದನ್ನೇ ಎತ್ತಿಕೊಂಡು ಓಡಿದೆ. ಸಂಜೆ ಬಂದ ಮೇಲೆ ಉತ್ತರದಿಂದ ಎರಡು ಹಡಗು ಕಳಿಸಿ ನೋಡಿದೆ. ಪ್ರಯೋಜನವಾಗಲಿಲ್ಲ. ಗೋಪುರ ಒಂದೂ ಉಳಿದಿಲ್ಲ, ಬೇಡವೂ ಬೇಡ. ನಾಳೆ ಪೂರ್ವದ ದ್ವೀಪದ ಹಿಂದಿನಿಂದ ಬರಬೇಕು, ಆ ಕಡೆ ಪೀಪಿ ಕಣ್ಣು ಹಾಯಿಸಿಲ್ಲ.

ಏಪ್ರಿಲ್ 25, ಗುರುವಾರ

ಪೂರ್ವದ ಕಡೆಗೂ ಕಣ್ಣು ಹಾಯಿಸಿದ್ದಳು. ಹಾಳಾಗಿ ಹೋದೆ.

ಮೇ 4, ಶನಿವಾರ

ಒಂದು ಆಫೀಸಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಒಬ್ಬರು ಸಿಕ್ಕಿಕೊಂಡಿದ್ದರು. ಗ್ರೀಸಣ್ಣ ಮೇಲೆ ಕರೆಂಟು ತೆಗೆದ. ನಾನು ಕೀಗಾಗಿ ಚೀಲದೊಳಗೆ ಕೈ ಹಾಕಿದೆ. ಬೆರಳಿಗೆ ದಾರ ಸಿಕ್ಕಿತು. ಹೊರಗೆಳೆದೆ. ಕೆಂಪು ದಾರ.

ಚೀಲದ ತಳದಲ್ಲಿ ನನ್ನ ಕೆಲಸದ ಕೀಯೂ ಇತ್ತು. ಮನೆಯದನ್ನು ಯಾವತ್ತು ತಂದೆ? ಎಷ್ಟು ದಿನದಿಂದ ಆ ಮೊಳೆ ಖಾಲಿ ಇದೆ? ಎಷ್ಟು ಸ್ನಾನ ಆಯಿತು? ಹೇಗೋ ಬಾಗಿಲು ತೆಗೆದು ಆ ಮನುಷ್ಯನನ್ನು ಹೊರಗೆಳೆದೆ. ಅವನು ಏನೋ ಧನ್ಯವಾದ ಹೇಳುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದೆ. ಅತ್ತೆ ಎತ್ತಿದರು.

"ಪೀಪಿ ಎಲ್ಲಿ?"

"ಸ್ನಾನಕ್ಕೆ ಹೋಗಿದ್ದಾಳೆ."

"ಚಿಲಕ?"

"ಹಾಕ್ಕೊಂಡಿದ್ದಾಳೆ. ಯಾಕೆ?"

"ಅತ್ತೆ, ಕೀ... ಕೀ ನನ್ನ ಹತ್ರ ಇದೆ. ತಟ್ಟೋದು ಕೇಳಿಸ್ತಿದೆಯಾ? ತಟ್ತಿದ್ದಾಳಾ?"

"ತಟ್ಟೋದು ಬಿಟ್ಟು ಎಷ್ಟೋ ದಿನ ಆಯ್ತಲ್ಲ ಅಳಿಯಂದಿರೇ. ಈಗ ಹಾಡ್ತಾಳೆ. ನೀವು ಮನೇಲೇ ಇರ್ತೀರಿ, ಕೇಳಿಸ್ಕೊಂಡಿಲ್ವಾ?" ಫೋನನ್ನು ಆ ಕಡೆ ಹಿಡಿದರು ಎಂದು ಕಾಣುತ್ತದೆ. ನೀರಿನ ಸದ್ದು, ಅದರ ನಡುವೆ ನನ್ನ ಮಗಳ ಹಾಡು. ಸ್ವರವಿಲ್ಲ, ತಾಳವಿಲ್ಲ, ಗಂಟಲು ಮಾತ್ರ ಪೀಪಿಯದೇ. "ಕೇಳಿಸ್ತಾ? ಮತ್ತೆ ಕೀ ಬಗ್ಗೆ ತಲೆ ಕೆಡಿಸ್ಕೋಬೇಡಿ. ನನ್ನ ಸೀಟಿ ದಾರದಲ್ಲಿ ಇನ್ನೊಂದಿದೆ. ಚಿಲಕ ಹಾಕಿದ ದಿನವೇ ನಿಮ್ಮ ಹೆಂಡತಿ ಆ ಗ್ರೀಸಣ್ಣನ ಹತ್ರ ಇಸ್ಕೊಂಡು ತಂದ್ಕೊಟ್ಟಳು. ಎಲ್ಲಾ ನಿಮ್ಮೊಬ್ಬರ ಮೇಲೆ ಬಿಟ್ಟು ಕೂತ್ಕೊಳ್ಳೋಕಾಗುತ್ತಾ?"

ಗ್ರೀಸಣ್ಣ ಇಳಿದು ಬಂದು ನನ್ನ ಕೈಯ ಕೆಂಪು ದಾರ ನೋಡಿದ, ಮುಖ ಬೇರೆ ಕಡೆ ಮಾಡಿ ನಕ್ಕ.

ಬೇಗ ಹೊರಡಬಹುದಿತ್ತು, ಹೊರಡಲಿಲ್ಲ. ಯಾವಾಗಲೂ ಹಿಡಿಯುವ ಬಸ್ಸನ್ನೇ ಹಿಡಿದು ಮನೆಗೆ ಬಂದು, ಕೀಯನ್ನು ಮೊಳೆಗೆ ಹಾಕಿದೆ. ಹೆಂಡತಿ ಒಂದು ಸಲ ಕೀ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಪೀಪಿಯ ಕೂದಲು ಇನ್ನೂ ಒದ್ದೆ ಇತ್ತು. ಡಾಕ್ಟರು ಒಪ್ಪಿದ್ದಾರೆ, ಸೋಮವಾರದಿಂದ ಶಾಲೆಯ ಬೇಸಿಗೆ ತರಗತಿ. ಅದಕ್ಕೆ ಹಾಕಿಕೊಂಡು ಹೋಗುವ ಬೂಟಿಗೆ ಪಾಲಿಶ್ ತಿಕ್ಕುತ್ತ, "ಅಪ್ಪ, ನಿನ್ನ ಸರದಿ. ಮಧ್ಯಾಹ್ನದಿಂದ ಕಾಯ್ತಿದ್ದೀವಿ" ಎಂದಳು.

ಕೂತೆ. ಅವಳ ಬಳಿ ನಾಲ್ಕು ಬಂದರು, ಐದನೆಯದರ ಬಾಯಲ್ಲಿ ಹಡಗು ನಿಂತಿದೆ. ತಡೆಯಬೇಕಾದರೆ ಒಂದೇ ದಾರಿ, ಆ ದಾರಿ ಯಾವುದೆಂದು ಕಾಣುತ್ತಿಲ್ಲ. ಉತ್ತರದಿಂದ ಬಂದರೆ ಅತ್ತೆ ಕಾದು ಕೂತಿದ್ದಾರೆ, ದಕ್ಷಿಣಕ್ಕೆ ಉಪ್ಪು ಸಾಲದು. ನೋಡುತ್ತಲೇ ಇದ್ದೆ.

"ಅಪ್ಪ, ನಿಲ್ಸಪ್ಪ ಅದನ್ನ. ತಲೆ ಚಿಟ್ಟು ಹಿಡೀತಿದೆ" ಎಂದಳು ಪೀಪಿ.

ಏನನ್ನು ಎಂದು ಕೆಳಗೆ ನೋಡಿದೆ. ನನ್ನ ಉಗುರು ಮೇಜಿನ ಮೇಲೆ ತಟ್ಟುತ್ತಿತ್ತು.